ಉಪ್ಪಿನಕಾಯಿ ಮರೆತ ಭಾನುವಾರ

ಶೆಟ್ಟಿಹಳ್ಳಿಯಿಂದ ಬಂದು ಕಾಲು ತೊಳೆದು ಕೂತಿದ್ದೇನೆ. ರಾತ್ರಿ ಹತ್ತು ಗಂಟೆ ದಾಟಿತು, ನಿದ್ದೆ ಹತ್ತುತ್ತಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡರೆ ಬೆಳಗಾಗುವವರೆಗೂ ಹೊರಳಾಡಬೇಕು, ಅದಕ್ಕೇ ಬರೆಯುತ್ತಿದ್ದೇನೆ.

ಬೆಳಗ್ಗೆ ಆರಾಧನೆ ಮುಗಿಸಿಕೊಂಡು ನಮ್ಮ ಚರ್ಚಿನ ಸಭೆಯ ನಾಲ್ಕು ಮನೆಯವರು ಒಂದು ಟಿಟಿ ಮಾಡಿಕೊಂಡು ಹೋಗಿದ್ದೆವು. ಹಾಸನದವರಿಗೆ ಆ ಜಾಗ ಗೊತ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರು ಅಲ್ಲಿಯವರೆಗೂ ಬಂತು, ಜನ ಊರು ಬಿಟ್ಟರು. ಮಳೆಗಾಲದಲ್ಲಿ ಚರ್ಚು ನೀರಿನಲ್ಲಿ ನಿಂತಿರುತ್ತೆ. ಈಗ ಬೇಸಿಗೆ, ಕಮಾನಿನ ಬುಡದವರೆಗೂ ನಡೆದುಕೊಂಡೇ ಹೋಗಬಹುದು. ಚಾವಣಿ ಇಲ್ಲದ ಆ ಗೋಡೆಗಳ ನಡುವೆ ನಿಂತು ಮಕ್ಕಳು ಒಂದು ಹಾಡು ಹೇಳಿದರು. ಮನಸ್ಸು ತುಂಬಿ ಬಂದಿತ್ತು.

ಆಮೇಲೆ ಹತ್ತಿರದ ಮರದ ನೆರಳಲ್ಲಿ ಜಮಖಾನ ಹಾಸಿ ಊಟಕ್ಕೆ ಕೂತೆವು. ನಮ್ಮಲ್ಲೊಬ್ಬ ತಂಗಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಹದಿನೈದು ಜನಕ್ಕೆ ತರಕಾರಿ ಪುಲಾವ್, ಮೊಸರುಬಜ್ಜಿ ಮಾಡಿ ತಂದಿದ್ದರು. ಆರಾಧನೆಗೂ ತಡ ಮಾಡದೆ ಬಂದಿದ್ದರು. ಎಲ್ಲರ ತಟ್ಟೆಗೂ ತಾವೇ ಬಡಿಸುತ್ತಿದ್ದರು. ಅವರ ಯಜಮಾನರು ಮೊದಲ ತುತ್ತಿಗೇ ಕೇಳಿದರು, "ಉಪ್ಪಿನಕಾಯಿ ಎಲ್ಲಿ?" ಆ ತಂಗಿ ಮರೆತು ಬಂದಿದ್ದರು. "ಒಂದು ಕೆಲಸ ನೆಟ್ಟಗೆ ಮಾಡಕ್ಕೆ ಬರಲ್ಲ ಕಣೇ ನಿಂಗೆ. ಇಪ್ಪತ್ತು ವರ್ಷದಿಂದ ನೋಡ್ತಾನೇ ಇದ್ದೀನಿ."

ಸೌಟು ಹಿಡಿದ ಕೈ ಹಾಗೇ ನಿಂತಿತು. ಸ್ವಲ್ಪ ಹೊತ್ತಷ್ಟೇ. ಆಮೇಲೆ ಪಕ್ಕದ ತಟ್ಟೆಗೆ ಬಡಿಸಿದರು. ಎಂಟನೇ ಕ್ಲಾಸಿನ ಮಗಳು ತಟ್ಟೆಯನ್ನು ಅಲ್ಲೇ ಇಟ್ಟು ನೀರಿನ ಕಡೆ ಮುಖ ಮಾಡಿ ಕೂತಳು.

ಅದಕ್ಕೆ ಮೂರು ಗಂಟೆ ಮುಂಚೆ ಇದೇ ಮನುಷ್ಯ ಸಭೆಯ ಮುಂದೆ ನಿಂತು ಸಾಕ್ಷಿ ಹೇಳಿದ್ದರು, ಅಂದರೆ ದೇವರು ಮಾಡಿದ ಉಪಕಾರಗಳನ್ನು ಎಲ್ಲರ ಮುಂದೆ ಹೇಳಿಕೊಂಡಿದ್ದರು. ಮಗಳ ಜ್ವರ ಬಿಟ್ಟಿತು, ಸ್ತೋತ್ರ. ಕಾಫಿಗೆ ಒಳ್ಳೆ ರೇಟು ಸಿಕ್ಕಿತು, ಸ್ತೋತ್ರ. ಒಂದೊಂದು ಉಪಕಾರಕ್ಕೂ ಸ್ತೋತ್ರ. ಸರಿ, ಹೇಳಲೇಬೇಕು. ಆದರೆ ಮಗಳ ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದುಕೊಂಡು ಮೂರು ರಾತ್ರಿ ಕೂತವರು ಯಾರು? ಅವರ ಹೆಸರು ಆ ಸಾಕ್ಷಿಯಲ್ಲಿ ಒಂದು ಸಲವೂ ಬರಲಿಲ್ಲ.

ನನ್ನ ಸಂಕಟ ಇದೊಂದೇ. ದೇವರಿಗೆ ನಾವು ಬಾಯ್ತುಂಬ ಸ್ತೋತ್ರ ಹೇಳುತ್ತೇವೆ. ಮನೆಯಲ್ಲಿ ಇರುವವರಿಗೆ ಒಂದು ಒಳ್ಳೆ ಮಾತು ಹೇಳುವುದಕ್ಕೆ ನಾಲಿಗೆ ಏಳುವುದಿಲ್ಲ. ಬೈಬಲಿನಲ್ಲಿ ಯಾಕೋಬನ ಪತ್ರಿಕೆಯ ಮೂರನೇ ಅಧ್ಯಾಯ ಇದನ್ನೇ ಅಲ್ವಾ ಹೇಳುವುದು? ಅದೇ ನಾಲಿಗೆಯಿಂದ ತಂದೆಯಾದ ದೇವರನ್ನು ಕೊಂಡಾಡುತ್ತೀರಿ, ಅದೇ ನಾಲಿಗೆಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನು ಶಪಿಸುತ್ತೀರಿ, ಹೀಗಿರಬಾರದು ಅಂತ. ಒಂದೇ ಒರತೆಯಲ್ಲಿ ಸಿಹಿನೀರೂ ಕಹಿನೀರೂ ಬರುತ್ತಾ ಅಂತ ಕೇಳುತ್ತಾನೆ. ಈಗ ಲೆಂಟ್, ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು. ನಲವತ್ತು ದಿನ ಮಾಂಸ ಬಿಟ್ಟಿದ್ದೇವೆ. ಚುಚ್ಚುಮಾತು ಬಿಟ್ಟವರು ಎಷ್ಟು ಜನ?

"ತಪ್ಪು ಮಾಡಿದಾಗ ತಪ್ಪು ಅನ್ನಬಾರದಾ? ಯೇಸುಸ್ವಾಮಿಯೇ ಫರಿಸಾಯರನ್ನು ಹಾವುಗಳೇ ಅಂತ ಬೈದಿಲ್ವಾ?" ಬರುವಾಗ ಟಿಟಿಯಲ್ಲಿ ಒಬ್ಬರು ಹೀಗೆ ಕೇಳಿದರು. ಬೈದರು. ಆದರೆ ಯಾರನ್ನು? ಜನರ ಮೇಲೆ ಭಾರ ಹೊರಿಸಿ ತಾವು ಬೆರಳೂ ಅಲ್ಲಾಡಿಸದ ಧರ್ಮದ ಮುಖಂಡರನ್ನು. ದುಡಿದು ದಣಿದವರಿಗೆ ಅವರು ಹೇಳಿದ್ದು, ನನ್ನ ಹತ್ತಿರ ಬನ್ನಿ, ವಿಶ್ರಾಂತಿ ಕೊಡುತ್ತೇನೆ ಅಂತ. ಬೆಳಗಿನ ಜಾವ ನಾಲ್ಕಕ್ಕೆ ಎದ್ದ ಹೆಂಗಸು ಇವರಲ್ಲಿ ಯಾವ ಗುಂಪಿನವಳು? ಇನ್ನು ಹೊಗಳಿದರೆ ತಲೆ ಮೇಲೆ ಕೂರುತ್ತಾರೆ ಅನ್ನುವ ಮಾತು. ಯೊರ್ದನ್ ನದಿಯಲ್ಲಿ ಯೇಸು ದೀಕ್ಷಾಸ್ನಾನ ಮಾಡಿಸಿಕೊಂಡಾಗ, ಈತನು ನನ್ನ ಪ್ರಿಯ ಮಗ, ಈತನನ್ನು ಮೆಚ್ಚಿದ್ದೇನೆ ಅಂತ ಆಕಾಶದಿಂದ ಧ್ವನಿ ಬಂತು. ಆ ಹೊತ್ತಿಗೆ ಯೇಸು ಒಬ್ಬ ರೋಗಿಯನ್ನೂ ವಾಸಿ ಮಾಡಿರಲಿಲ್ಲ, ಒಂದು ಉಪದೇಶವನ್ನೂ ಮಾಡಿರಲಿಲ್ಲ. ಮೆಚ್ಚುಗೆ ಮೊದಲು ಬಂತು, ಕೆಲಸ ಆಮೇಲೆ.

ನನ್ನ ನರ್ಸ್ ಕೆಲಸದ ಕಥೆ ನಿಮಗೆಲ್ಲ ಗೊತ್ತು. ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ಇದ್ದೆ. ಮಗು ಹುಟ್ಟಿತು ಅಂದ ತಕ್ಷಣ ಗಂಡಂದಿರು ಕೇಳುತ್ತಿದ್ದದ್ದು, ಗಂಡಾ ಹೆಣ್ಣಾ? ತೂಕ ಎಷ್ಟು? ಬಿಲ್ ಎಷ್ಟಾಯ್ತು? ಆಲೂರು ಕಡೆಯ ಒಬ್ಬ ತೋಟದ ಕೂಲಿಯವನು ಮಾತ್ರ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದ್ದಾನೆ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬಂದ. ಮಗುವಿನ ಕಡೆ ನೋಡಲೇ ಇಲ್ಲ. ಹೆಂಡತಿಯ ಹಣೆ ಮೇಲೆ ಅಂಟಿಕೊಂಡಿದ್ದ ಕೂದಲನ್ನು ಹಿಂದಕ್ಕೆ ಸರಿಸಿ, "ಬಾಳ ಕಷ್ಟಪಟ್ಟೆ ಕಣೇ" ಅಂದ. ಇಡೀ ರಾತ್ರಿ ಒಂದು ಹನಿ ಕಣ್ಣೀರು ಹಾಕದ ಆ ಹುಡುಗಿ ಆಗ ಅತ್ತಳು. ಅವನು ಯಾವ ದೇವರನ್ನು ನಂಬುವವನೋ ಕೇಳಲಿಲ್ಲ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ಕೇಳುವವರಿಗೆ ಹಿತವಾಗುವಂಥ, ಸಮಯಕ್ಕೆ ಒದಗುವಂಥ ಮಾತಾಡಿ ಅಂತ ಪೌಲ ಹೇಳಿದ್ದಾನಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಅವನ ಮುಖವೇ ನೆನಪಾಗುತ್ತೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಇವತ್ತು ಜಮಖಾನದ ಮೇಲೆ ನಾನೂ ಕೂತಿದ್ದೆ. ಅಲ್ಲಿ ನಾನೇ ಹಿರಿಯಳು. ಏನೂ ಮಾತಾಡಲಿಲ್ಲ. ಗಂಡ ಹೆಂಡತಿ ವಿಷಯ, ನನಗ್ಯಾಕೆ ಅಂತ ತಲೆ ತಗ್ಗಿಸಿ ಊಟ ಮಾಡಿದೆ.

ಯೆರೂಸಲೇಮಿನ ಹತ್ತಿರದ ಬೇಥಾನ್ಯ ಅನ್ನುವ ಊರಿನಲ್ಲೂ ಹೀಗೇ ಯೇಸು, ಶಿಷ್ಯರು ಊಟಕ್ಕೆ ಕೂತಿದ್ದರು. ಒಬ್ಬ ಹೆಂಗಸು ಬಂದು ಭರಣಿ ಒಡೆದು ಯೇಸುವಿನ ತಲೆ ಮೇಲೆ ಸುಗಂಧತೈಲ ಸುರಿದಳು. ಮುನ್ನೂರು ದಿನಾರಿಗೂ ಹೆಚ್ಚಿನ ಬೆಲೆಯದ್ದು. ಒಂದು ದಿನಾರಿ ಅಂದರೆ ಆ ಕಾಲದಲ್ಲಿ ಒಂದು ದಿನದ ಕೂಲಿ. ಯಾಕಿಷ್ಟು ದಂಡ ಮಾಡಿದೆ ಅಂತ ಕೂತವರಲ್ಲಿ ಕೆಲವರು ಅವಳ ಮೇಲೆ ಬಿದ್ದರು. ಆಗ ಯೇಸು ಸುಮ್ನೆ ಊಟ ಮಾಡಲಿಲ್ಲ. ಅವಳನ್ನು ಬಿಡಿ, ಯಾಕೆ ನೋಯಿಸುತ್ತೀರಿ, ನನಗೆ ಒಳ್ಳೆ ಕೆಲಸ ಮಾಡಿದ್ದಾಳೆ, ತನ್ನ ಕೈಲಾದದ್ದನ್ನು ಮಾಡಿದ್ದಾಳೆ ಅಂದರು. ಎಲ್ಲರ ಎದುರಿಗೇ ಅಂದರು. ಅವಳಿಗೆ ಬೈದದ್ದೂ ಎಲ್ಲರ ಎದುರಿಗೇ ತಾನೇ?

ಹೊರಡುವಾಗ ಪಾತ್ರೆ ಎತ್ತಿಡುವ ನೆಪದಲ್ಲಿ ಆ ತಂಗಿಯ ಹತ್ತಿರ ಹೋಗಿ, ಪುಲಾವ್ ತುಂಬಾ ಚೆನ್ನಾಗಿತ್ತು ಅಂದೆ. ಅದೂ ಮೆಲ್ಲಗೆ, ಯಾರಿಗೂ ಕೇಳಿಸದ ಹಾಗೆ. "ಬಿಡಿ ಅಕ್ಕ, ಉಪ್ಪಿನಕಾಯಿ ಮರೆತದ್ದು ನಿಜ ಅಲ್ವಾ" ಅಂದರು. ಮಿಕ್ಕಿದ ಪುಲಾವನ್ನು ಒಂದು ಡಬ್ಬಿಗೆ ತುಂಬಿ ನನ್ನ ಕೈಗೇ ಕೊಟ್ಟರು.

ಆ ಡಬ್ಬಿಯನ್ನು ಈಗ ತೊಳೆದು ಬೋರಲು ಹಾಕಿದ್ದೇನೆ. ನಾಳೆ ಸಂಜೆ ವಾಪಸ್ ಕೊಡಲು ಹೋಗುತ್ತೇನೆ. ಅವರ ಯಜಮಾನರು ತೋಟದಿಂದ ಆರೂವರೆಗೆ ಬರುತ್ತಾರೆ. ಏಳಕ್ಕೆ ಹೋಗುತ್ತೇನೆ. ಮಗಳೂ ಮನೆಯಲ್ಲಿರುತ್ತಾಳೆ. ಪುಲಾವ್ ಬಗ್ಗೆ ಇವತ್ತು ಮೆಲ್ಲಗೆ ಹೇಳಿದ ಮಾತನ್ನು ಅವರಿಬ್ಬರಿಗೂ ಕೇಳಿಸುವ ಹಾಗೆ ಹೇಳುವುದಿದೆ.