ಎಫ್ ಕಾರ್ಡೂ ಹಿತುಕಿದ ಅವರೆಬೇಳೆನೂ

ನಲವತ್ತಕ್ಕೆ ಇನ್ನೆರಡೇ ವರ್ಷ ಇದೆ ಅನ್ನೋವಾಗ ಗಿಟಾರ್ ತಗೊಂಡೆ. ಸಿ, ಜಿ, ಡಿ ಕಾರ್ಡು, ಅಂದ್ರೆ ಒಟ್ಟಿಗೆ ನುಡಿಸೋ ಸ್ವರಗಳ ಗುಂಪು, ಎಲ್ಲ ಹೆಂಗೋ ತಿಂಗಳಲ್ಲಿ ಕೈಗೆ ಬಂತು, ಸ್ಟೇಟಸ್ ಕೂಡ ಹಾಕಾಯ್ತು, ಅಷ್ಟರಲ್ಲಿ ಎದುರಿಗೆ ಬಂದು ನಿಂತಿದ್ದು ಎಫ್. ಗೊತ್ತಿಲ್ದೋರಿಗೆ ಹೇಳ್ತೀನಿ, ತೋರುಬೆರಳನ್ನ ಗಿಟಾರ್ ಕತ್ತಿನ ಅಡ್ಡಪಟ್ಟಿಗಳ ಮೊದಲ್ನೇ ಮನೇಲಿ, ಅಂದ್ರೆ ಮೊದಲ್ನೇ ಫ್ರೆಟ್‌ನಲ್ಲಿ ಆರೂ ತಂತಿ ಮೇಲೆ ಅಡ್ಡಡ್ಡ ಮಲಗಿಸಿ, ಅದು ಹಂಗೇ ಮಲಗಿರೋವಾಗ ಮಿಕ್ಕ ಮೂರು ಬೆರಳು ಹೋಗಿ ತಂತಮ್ಮ ಜಾಗದಲ್ಲಿ ಕೂತ್ಕೋಬೇಕು. ನನ್ನ ಉಂಗುರದ ಬೆರಳು ಎದ್ರೆ ಕಿರುಬೆರಳೂ ಜೊತೆಗೇ ಏಳುತ್ತೆ, ಮದುವೆ ಊಟದಲ್ಲಿ ಒಬ್ರು ಎದ್ರೆ ಇಡೀ ಪಂಕ್ತಿನೇ ಏಳಲ್ವಾ, ಹಂಗೆ. ಬಾರಿಸಿದ್ರೆ ಹಳೇ ಎಣ್ಣೆಡಬ್ಬ ಬಡಿದ ಸದ್ದು. "ರೀ, ತಂತಿ ಕಿತ್ತೋಯ್ತಾ?" ಅಂತ ಅಡುಗೆಮನೆಯಿಂದ ಹೆಂಡ್ತಿ.

ಜ್ಯಾಂಗೋ ರೈನ್‌ಹಾರ್ಟ್ ಅಂತ ಒಬ್ಬ ಗಿಟಾರ್ ಮಹಾನುಭಾವ ಇದ್ದ, 1928ರಲ್ಲಿ ಬೆಂಕಿ ಅನಾಹುತವಾಗಿ ಎಡಗೈನ ಎರಡು ಬೆರಳು ಸರಿಯಾಗಿ ಆಡ್ದಂಗಾಯ್ತು, ಉಳಿದೆರಡರಲ್ಲೇ ಸೋಲೋ ನುಡಿಸಿ ಜಗತ್ತನ್ನೇ ಗೆದ್ದ. ನನಗೆ ನಾಲ್ಕೂ ನೆಟ್ಟಗಿವೆ. ಅದೇ ಅವಮಾನ.

ಶಕ್ತಿ ಸಾಲ್ತಿಲ್ಲ ಅಂತ ನಾನೇ ತೀರ್ಮಾನ ಮಾಡ್ದೆ. ಬೆರಳು ಮಡಿಸೋ ದೊಡ್ಡ ಸ್ನಾಯುಗಳೆಲ್ಲ ಮುಂಗೈಲಿರೋದು ಅಂತ ಎಲ್ಲೋ ಓದಿದ ಮೇಲೆ ಸುಮ್ನೆ ಕೂರಕ್ಕಾಗುತ್ತಾ? ಹ್ಯಾಂಡ್ ಗ್ರಿಪ್ಪರ್ ಬಂತು, ಒಂದೊಂದು ಫ್ರೆಟ್‌ಗೆ ಒಂದೊಂದು ಬೆರಳು ನಡೆಸೋ ಸ್ಪೈಡರ್ ಎಕ್ಸರ್‌ಸೈಜ್ ಶುರುವಾಯ್ತು, ತಾಳ ಹಾಕೋ ಮೆಟ್ರೊನೋಮ್‌ನ ನಿಮಿಷಕ್ಕೆ 60ಕ್ಕೆ ಇಟ್ಟು ಒನ್ ಟೂ ತ್ರೀ ಫೋರ್. ಅದೂ ಸಾಲ್ದು ಅಂತ ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ, ಹೆಂಗೂ ಕ್ಲಚ್ ಎಡಗೈಲೇ ಇದೆಯಲ್ಲ, ಅದರ ಮೇಲೂ ಒಂದೊಂದೇ ಬೆರಳು ಎತ್ತಿ ಇಳಿಸ್ತಾ ಇದ್ದೆ. ಗಾಡಿ ಗೇರ್‌ನಲ್ಲಿತ್ತು. ನಾಲ್ಕನೇ ಬೆರಳಿನ ಸರದಿ ಬಂದಾಗ ಬೈಕು ಕಪ್ಪೆ ಥರ ನೆಗೆದು ಮುಂದಿನ ಆಟೋಗೆ ಮುತ್ತು ಕೊಟ್ಟು ಆಫ್ ಆಯ್ತು. ಆಟೋದವ್ರು ತಿರುಗಿ ನನ್ನ ಕೈನೇ ನೋಡಿ, "ಏನ್ ಸಾರ್, ಹಾರ್ಮೋನಿಯಂ ನುಡಿಸ್ತಿದ್ದೀರಾ?" ಅಂದ್ರು. ಹೆಚ್ಚುಕಮ್ಮಿ ಕರೆಕ್ಟಾಗೇ ಹೇಳಿದ್ರು.

ಮನೇಲಿ ಈ ಕಥೆ ಹೇಳಿದ್ದೇ ತಪ್ಪಾಯ್ತು. ಅವರೆಕಾಯಿ ಕಾಲ ಬೇರೆ. "ಬೆರಳಿಗೆ ಕಸರತ್ತು ತಾನೇ ಬೇಕಾಗಿರೋದು, ಇಕೋ" ಅಂತ ಅಮ್ಮ ನೆನೆಸಿದ ಅವರೆಕಾಳಿನ ಪಾತ್ರೆ ಮುಂದಿಟ್ರು. ನಾನು ಗ್ರಿಪ್ಪರ್ ಹಿಡಿದ ಕೈ, ಬಿಡ್ತೀನಾ, ಹಲ್ಲು ಕಚ್ಚಿ ಹಿತುಕ್ದೆ. ಮೊದಲ್ನೇ ಬೇಳೆ ಟಿವಿಗೆ, ಎರಡನೇದು ಮಗಳ ಕನ್ನಡಕಕ್ಕೆ, ಮೂರನೇದು ಕೈಯಲ್ಲೇ ನಜ್ಜುಗುಜ್ಜು. ಪಕ್ಕದಲ್ಲಿ ಅಮ್ಮ ಸೀರಿಯಲ್ ನೋಡ್ಕೊಂಡು, ಕಾಳಿನ ತುದಿ ನೋಡಿ ಹಿಡಿದು, ಹಿಂಗೆ ಅಂದ್ರೆ ಹಿಂಗೆ, ಪುಳಕ್ ಅಂತ ಬೇಳೆ ಆಚೆ, ಸಿಪ್ಪೆ ಕೈಲಿ. "ಅದೇನ್ ಕುಸ್ತಿ ಮಾಡ್ತಿದ್ಯೋ, ಜಾಗ ನೋಡಿ ಒತ್ತು ಸಾಕು" ಅಂದ್ರು.

ರಾತ್ರಿ ಗಿಟಾರ್ ಹಿಡಿದಾಗ ಅದೇ ಮಾತು ತಲೇಲಿತ್ತು. ಬೆರಳನ್ನ ಫ್ರೆಟ್ಟಿನ ಪಟ್ಟಿ ಹತ್ರಕ್ಕೆ ಸರಿಸಿ, ತೋರುಬೆರಳನ್ನ ಚೂರು ಮೂಳೆ ಕಡೆಗೆ ಹೊರಳಿಸಿ, ಮೊಣಕೈ ಮೈಗೆ ಎಳ್ಕೊಂಡು, ಹೆಬ್ಬೆರಳು ಸಡಿಲ ಬಿಟ್ಟೆ. ಆರರಲ್ಲಿ ಐದು ತಂತಿ ನುಡೀತು! ಆರನೇದು ಬರೋಕೆ ಇನ್ನೂ ಮೂರು ವಾರ, ಅದು ಬಿಡಿ.

ಅಷ್ಟರಲ್ಲಿ ಎಡಗೈ ಬೆರಳತುದಿ ನಾಲ್ಕೂ ಜಡ್ಡುಗಟ್ಟಿತ್ತು. ಕಾವಲಿ ಮೇಲಿನ ದೋಸೆನ ಬರಿಗೈಲಿ ಮಗುಚಿ ಮೆರೀತಾ ಇದ್ದೆ. ಆದ್ರೆ ಆಫೀಸಲ್ಲಿ ಹಾಜರಿಗೆ ಕೊಟ್ಟಿದ್ದಿದ್ದು ಎಡಗೈ ತೋರುಬೆರಳಿಂದೇ ಗುರುತು, ಮೆಷಿನ್ ನನ್ನ ಯಾರೋ ಅಂತ ಕೆಂಪು ಲೈಟ್ ಹಾಕ್ತು. ಒರೆಸ್ದೆ, ಉಫ್ ಅಂತ ಊದ್ದೆ, ಪ್ಯಾಂಟಿಗೆ ಉಜ್ಜಿದೆ, ಊಹುಂ. ಮೂರು ದಿನ ಆಬ್ಸೆಂಟ್ ಬಿದ್ದ ಮೇಲೆ ಅಡ್ಮಿನ್ ಹುಡುಗನ ಹತ್ರ ಹೋಗಿ ಎಫ್ ಕಾರ್ಡಿನ ಕಥೆ ಪೂರ್ತಿ ಹೇಳ್ದೆ. ಅವನು ಬಲಗೈ ಹೆಬ್ಬೆಟ್ಟು ಹಾಕಿಸ್ಕೊಂಡು ಮೆಲ್ಲಗೆ ಕೇಳ್ದ, "ಸಾರ್, ಈ ಕೈಲಿ ಏನೂ ಕಲಿಯೋ ಪ್ಲಾನ್ ಇಲ್ಲ ತಾನೇ?"