ಪಕ್ಕದ ಸೈಟಿನ ಗಂಗಮ್ಮ

ಬೆಂಗಳೂರಲ್ಲಿ ನೀರಿನ ವ್ಯಾಪಾರ ಹೇಗೆ ನಡೆಯುತ್ತೆ ಅಂತ ಯಾರಾದ್ರೂ ಕೇಳಿದರೆ ನಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಸೈಟ್ ತೋರಿಸಬೇಕು. ಮನೆ ಇಲ್ಲ, ಮರ ಇಲ್ಲ, ಒಂದು ಬೋರ್‌ವೆಲ್ ಇದೆ. ಕತ್ತಲಿರುವಾಗಲೇ ಮೋಟರ್ ಶುರುವಾಗುತ್ತದೆ, ಟ್ಯಾಂಕರ್ ತುಂಬುತ್ತದೆ, ಮೂಲೆ ತಿರುಗಿ ನಮ್ಮ ಗೇಟಿಗೆ ಬಂದು ಹಾರ್ನ್ ಹೊಡೆಯುತ್ತದೆ. ಆ ಬೋರ್ ಕೊರೆಸಿದ ಮುಂದಿನ ಬೇಸಿಗೆಗೇ ನಮ್ಮ ಬೋರ್ ಫೇಲ್ ಆಯಿತು. ಹಾಗಾಗಿ ನಮ್ಮ ಕಾಲಡಿಯ ನೀರು ಕಾಂಪೌಂಡ್ ದಾಟಿ, ಲಾರಿ ಹತ್ತಿ, ಬಿಲ್ ಸಮೇತ ನಮ್ಮ ಸಂಪಿಗೇ ಬಂದು ಬೀಳುತ್ತದೆ. ಶಾಲೆಯಲ್ಲಿ ಸಮುದ್ರ, ಮೋಡ, ಮಳೆ ಅಂತ ಜಲಚಕ್ರದ ಚಿತ್ರ ಬರೆಸುತ್ತಿದ್ದರಲ್ಲ, ಅದಕ್ಕೊಂದು ಲಾರಿ ಸೇರಿಸುವುದು ಬಾಕಿ ಇದೆ.

ಕೇಳೋಣ ಅಂದರೆ ಸೈಟಿನವರ ಕಡೆಗೆ ಕಾನೂನೇ ಇದೆ. ಜಾಗ ಯಾರದೋ ಅದರ ಕೆಳಗಿನ ನೀರು ಎತ್ತುವ ಹಕ್ಕೂ ಅವರದೇ ಅಂತ 1882ರಲ್ಲೇ ಬ್ರಿಟಿಷರು ಬರೆದಿಟ್ಟಿದ್ದಾರೆ. ಪಾಪ, ನೀರಿಗೆ ಖಾತಾ ಓದಲು ಬರಲ್ಲ. ಬಂಡೆಯ ಬಿರುಕಲ್ಲಿ ಯಾರು ಜೋರಾಗಿ ಎಳೆಯುತ್ತಾರೋ ಅವರ ಕಡೆ ಹೋಗುತ್ತದೆ. 2011ರ ರಾಜ್ಯದ ಅಂತರ್ಜಲ ಕಾಯ್ದೆ, ಬೋರ್ ಕೊರೆಸಲು ಅನುಮತಿ ತಗೊಳ್ಳಿ ಅಂತ ಹೇಳುತ್ತದೆ. ರಿಗ್ ಲಾರಿ ರಾತ್ರಿ ಹೊತ್ತೇ ಯಾಕೆ ಬರುತ್ತೆ ಅಂತ ಆಮೇಲೆ ಅರ್ಥವಾಯಿತು.

2024ರ ಮಾರ್ಚ್‌ನಲ್ಲಿ ಸರ್ಕಾರಕ್ಕೂ ಬಾಯಾರಿತು. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂದರು, ಟ್ಯಾಂಕರಿಗೂ ದರ ಕಟ್ಟಿದರು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂಪಾಯಿ. ನಮ್ಮ ಟ್ಯಾಂಕರ್ ಬರುವುದು ಗೋಡೆಯಾಚೆಯಿಂದ. "ಆ ರೇಟಿಗೆ ಬೇಕಂದ್ರೆ ಆ ರೇಟ್ ಹೇಳಿದವರನ್ನೇ ಕೇಳಿ ಸಾರ್" ಅಂದ ಡ್ರೈವರ್. ಮರುಮಾತಾಡದೆ ಪೈಪ್ ಹಿಡಿದುಕೊಂಡೆವು.

ಹಾಗಂತ ಈ ಊರಲ್ಲಿ ಮಳೆ ಬರಲ್ವಾ? ಚೆನ್ನಾಗೇ ಬರುತ್ತದೆ. ಅದನ್ನು ರಾಜಕಾಲುವೆಗೆ ಬಿಟ್ಟು, ಸುಮಾರು 100 ಕಿ.ಮೀ. ದೂರದಿಂದ ಕಾವೇರಿಯನ್ನು ಪಂಪು ಹಾಕಿ ಬೆಟ್ಟದಷ್ಟು ಎತ್ತರಕ್ಕೆ ಏರಿಸಿ ತರುತ್ತೇವೆ. ಧರ್ಮಾಂಬುಧಿ ಕೆರೆಯಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಕಟ್ಟಿದೆವು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ಬೆಂಕಿ ಬಿದ್ದಾಗ ಬಾವಿ ತೋಡಬೇಡಿ ಅಂತ ಹಿರಿಯರು ಬೈಯುತ್ತಿದ್ದರು, ಆದರೆ 2017ರಲ್ಲಿ ಬೆಳ್ಳಂದೂರಿನಲ್ಲಿ ಕೆರೆಗೇ ಬೆಂಕಿ ಬಿತ್ತಲ್ಲ, ಬಾವಿ ಎಲ್ಲಿ ಅಂತ ತೋಡೋದು?

ಮಳೆ ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನು ಬಂತು. ನಮ್ಮಲ್ಲೂ ಇದೆ, ಸುಳ್ಳು ಹೇಳಬಾರದು. ತಾರಸಿಯಿಂದ ಪೈಪ್ ಇಳಿದಿದೆ, ಪಕ್ಕದಲ್ಲಿ ನೀಲಿ ಡ್ರಮ್ ನಿಂತಿದೆ. ಪೈಪಿಗೂ ಡ್ರಮ್ಮಿಗೂ ಒಂದೂವರೆ ಅಡಿ ಅಂತರ. ತಪಾಸಣೆಯವರು ಫೋಟೋ ತೆಗೆಯುವಾಗ ಸ್ವಲ್ಪ ಓರೆಯಾಗಿ ನಿಂತರೆ ಎರಡೂ ಸೇರಿದ ಹಾಗೇ ಕಾಣುತ್ತದೆ. ಈಗ ಡ್ರಮ್ಮಿನ ತುಂಬ ವಾಚ್‌ಮನ್ ಅಣ್ಣನ ಈರುಳ್ಳಿ.

ಇಂಗುಗುಂಡಿ ತೆಗೆಸೋಣ ಅಂತ ಕಳೆದ ಭಾನುವಾರ ಅಸೋಸಿಯೇಷನ್ ಮೀಟಿಂಗ್ ಕರೆದರು. ಅಷ್ಟರಲ್ಲಿ ಮಳೆ ಹೊಡೆದು ಬೇಸ್‌ಮೆಂಟಲ್ಲಿ ಮೊಣಕಾಲುದ್ದ ನೀರು ನಿಂತಿತು. ಬಾಡಿಗೆ ಪಂಪು ತಂದು ಅದನ್ನೆಲ್ಲ ರಸ್ತೆಗೆ ಎತ್ತಿ ಹಾಕುತ್ತಿದ್ದೆವು, ಅದೇ ಗೇಟಲ್ಲಿ ಟ್ಯಾಂಕರ್ ಒಳಗೆ ಬಂತು. ಡ್ರೈವರ್ ನಮ್ಮ ಪೈಪ್ ಮೇಲೆ ಚಕ್ರ ಹತ್ತಿಸದೆ ಹುಷಾರಾಗಿ ದಾಟಿಸಿದ. ಮೀಟಿಂಗನ್ನು ಮಳೆಯ ಕಾರಣ ಬೇಸಿಗೆಗೆ ಮುಂದೂಡಲಾಗಿದೆ.