ಅಪ್ಪನ ಆದಾಯ ಎಷ್ಟು, ಯಾವ ವರ್ಷದ್ದು?

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಲಿಂಕನ್‌ನಲ್ಲಿ ನನ್ನ ಮನೆ. ಹಳ್ಳಿಗಾಡಿನ ಚಿಕ್ಕ ಆಸ್ಪತ್ರೆಗಳಿಗೆ ಅನುದಾನದ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಪ್ರತಿ ಅರ್ಜಿಯಲ್ಲೂ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಈ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಥರದ್ದು) ಒಂದು ಮನೆಯ ಆದಾಯದ ಮಧ್ಯಾಂಕ ಎಷ್ಟು? ಹತ್ತು ವರ್ಷದಲ್ಲಿ ಅದು ಏರಿತಾ, ಇಳಿಯಿತಾ?

ಮಧ್ಯಾಂಕ ಅಂದರೆ ಸರಾಸರಿ ಅಲ್ಲ. ಒಂದು ಬೀದಿಯಲ್ಲಿ ಐದು ಮನೆ ಇವೆ ಅಂದುಕೊಳ್ಳಿ. ವರ್ಷದ ದುಡಿಮೆ ರೂಪಾಯಿಯಲ್ಲಿ 80 ಸಾವಿರ, 1 ಲಕ್ಷ, 1 ಲಕ್ಷ 30 ಸಾವಿರ, 1 ಲಕ್ಷ 90 ಸಾವಿರ. ಐದನೆಯದು ಗುತ್ತಿಗೆದಾರರ ಮನೆ, 20 ಲಕ್ಷ. ಸರಾಸರಿ ತೆಗೆದರೆ 5 ಲಕ್ಷ ಬರುತ್ತದೆ. ಆದರೆ ಆ ಬೀದಿಯ ನಾಲ್ಕು ಮನೆಯವರು 5 ಲಕ್ಷದ ಮುಖವನ್ನೇ ನೋಡಿಲ್ಲ. ಸಾಲಾಗಿ ನಿಲ್ಲಿಸಿ ನಡುವಿನ ಮನೆಯನ್ನು ಕೇಳಿದರೆ 1 ಲಕ್ಷ 30 ಸಾವಿರ. ಬೀದಿಯ ನಿಜವಾದ ಬದುಕು ಅದು.

ಅಮೆರಿಕದಲ್ಲಿ ಈ ಲೆಕ್ಕ ಹಾಕುವುದು ಜನಗಣತಿ ನಡೆಸುವ ಸೆನ್ಸಸ್ ಬ್ಯೂರೋ. 2000ದವರೆಗೆ ಹತ್ತು ವರ್ಷಕ್ಕೊಮ್ಮೆ ಗಣತಿಯ ಜೊತೆಗೇ ಸುಮಾರು ಆರು ಮನೆಗೆ ಒಂದರಂತೆ ಉದ್ದನೆಯ ಫಾರಂ ಕೊಟ್ಟು ಆದಾಯ ಕೇಳುತ್ತಿದ್ದರು. 2005ರಿಂದ ಅದರ ಬದಲು ಪ್ರತಿ ವರ್ಷ ಅಮೆರಿಕನ್ ಕಮ್ಯುನಿಟಿ ಸರ್ವೇ ದೊಡ್ಡ ಮಟ್ಟದಲ್ಲಿ ನಡೆಯುತ್ತಿದೆ. ಈಗ ವರ್ಷಕ್ಕೆ ಸುಮಾರು 35 ಲಕ್ಷ ವಿಳಾಸಗಳಿಗೆ ಫಾರಂ ಹೋಗುತ್ತದೆ. ಆದರೂ 65 ಸಾವಿರಕ್ಕಿಂತ ಕಮ್ಮಿ ಜನ ಇರುವ ಜಾಗಕ್ಕೆ ಒಂದೇ ವರ್ಷದ ಪೂರ್ತಿ ಅಂಕಿ ಕೊಡುವುದಿಲ್ಲ. ಐದು ವರ್ಷದ ಉತ್ತರಗಳನ್ನು ಒಟ್ಟು ಸೇರಿಸಿ ಕೊಡುತ್ತಾರೆ.

ನಮ್ಮ ರಾಜ್ಯದ ಆರ್ಥರ್ ಕೌಂಟಿಯನ್ನೇ ನೋಡಿ. ಮರಳು ದಿಬ್ಬದ ಮೇಲೆ ಹುಲ್ಲು, ದನ. 2020ರ ಗಣತಿಯಲ್ಲಿ ಅಲ್ಲಿದ್ದದ್ದು 434 ಜನ. ಐದು ವರ್ಷ ಸೇರಿಸಿದರೂ ಉತ್ತರ ಕೊಟ್ಟ ಮನೆಗಳು ಕಮ್ಮಿಯೇ. ಅದಕ್ಕೇ ಅಂಕಿಯ ಪಕ್ಕದಲ್ಲೇ ಇನ್ನೊಂದು ಅಂಕಿ ಅಚ್ಚಾಗಿರುತ್ತದೆ: ಇಷ್ಟು ಹೆಚ್ಚು ಕಮ್ಮಿ ಇರಬಹುದು ಅಂತ. ನೂರಕ್ಕೆ 90ರಷ್ಟು ಭರವಸೆಯ ಲೆಕ್ಕ ಅದು. 60 ಸಾವಿರ ಡಾಲರ್, 15 ಸಾವಿರ ಹೆಚ್ಚು ಕಮ್ಮಿ ಅಂತಿದೆ ಅಂದುಕೊಳ್ಳಿ. ಆಗ ಮುಂದಿನ ಸಲ 66 ಸಾವಿರ ಬಂದರೆ ಊರು ಉದ್ಧಾರ ಆಯಿತು ಅಂತ ಬರೆಯೋಕೆ ಆಗಲ್ಲ.

ಕಾಲದ ಹೋಲಿಕೆಗೂ ನಿಯಮ ಇದೆ. 2013–17ನ್ನು 2014–18ರ ಜೊತೆ ಹೋಲಿಸಿದರೆ ನಾಲ್ಕು ವರ್ಷ ಎರಡರಲ್ಲೂ ಇರುತ್ತವೆ. ಹಾಗಾಗಿ 2014–18, 2019–23 ಹೀಗೆ ಒಂದರ ಮೇಲೊಂದು ಬೀಳದ ಅವಧಿ ಹಿಡಿಯಬೇಕು. ಹಳೇ ಡಾಲರನ್ನು ಈಗಿನ ಬೆಲೆಗೆ ಏರಿಸಬೇಕು. ವರ್ಷ ವರ್ಷದ ಅಂಕಿಯೇ ಬೇಕಾದರೆ ಸೈಪ್ ಅನ್ನುವ ಇನ್ನೊಂದು ಅಂದಾಜಿದೆ. ಅದು ಸರ್ವೇಯ ಜೊತೆ ಆದಾಯ ತೆರಿಗೆಯ ದಾಖಲೆಗಳನ್ನೂ ಸೇರಿಸಿ ಲೆಕ್ಕ ಕಟ್ಟುತ್ತದೆ.

ನನಗೆ ತುಂಬ ಹಿಡಿಸಿದ್ದು ಆ ಸರ್ವೇ ಫಾರಂನ ಒಂದು ಪುಟ್ಟ ಚೌಕ. ವ್ಯಾಪಾರ, ಬೇಸಾಯದ ಆದಾಯ ಬರೆಯುವ ಜಾಗದ ಪಕ್ಕದಲ್ಲಿ 'ನಷ್ಟ' ಅಂತ ಗುರುತು ಹಾಕೋಕೆ ಕೊಟ್ಟಿದ್ದಾರೆ. ರೈತನಿಗೆ ಒಂದು ವರ್ಷದ ಆದಾಯ ಸೊನ್ನೆಗಿಂತ ಕೆಳಗೂ ಹೋಗಬಹುದು ಅಂತ ಫಾರಂ ಮಾಡಿದವರಿಗೆ ಗೊತ್ತು.

ನಮ್ಮಪ್ಪ ಪಾವಗಡದ ಕಡೆ ಶೇಂಗಾ ಬೆಳೆಯುವವರು. ನಾನು ಕಾಲೇಜಿಗೆ ಸೇರುವಾಗ ಆದಾಯ ಪ್ರಮಾಣ ಪತ್ರ ತರೋಕೆ ಹೋಗಿದ್ದೆವು. ಆ ವರ್ಷ ಮಳೆ ಕೈಕೊಟ್ಟು ಬಿತ್ತನೆ ಬೀಜದ ದುಡ್ಡೂ ಹುಟ್ಟಿರಲಿಲ್ಲ. ಪತ್ರದಲ್ಲಿ ಮಾತ್ರ ಹಿಂದಿನ ವರ್ಷದ್ದೇ ಅಂಕಿ. ಹೊಲದ ಬಗ್ಗೆ ಯಾರೂ ಒಂದು ಮಾತು ಕೇಳಲಿಲ್ಲ. ಈಗಲೂ ನೆನೆದರೆ ಸಂಕಟ ಆಗುತ್ತದೆ.

ಕರ್ನಾಟಕದಲ್ಲಿ ಹಿಂದುಳಿದ ಕಡೆಯ ಲೆಕ್ಕ ಯಾರೂ ಹಾಕಿಲ್ಲ ಅಂತಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ತೋರಿಸಿತು. ಅದು ದೊಡ್ಡ ಕೆಲಸ. ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲೆಗಳ ತಲಾ ಆದಾಯವೂ ಬರುತ್ತದೆ, ಬೆಂಗಳೂರು ನಗರ ಮೇಲೆ, ಕಲಬುರಗಿ ಕೆಳಗೆ. ಆದರೆ ಅದು ಜಿಲ್ಲೆಯ ಒಟ್ಟು ಉತ್ಪನ್ನವನ್ನು ತಲೆಗೆ ಹಂಚಿದ ಸರಾಸರಿ. ಐದನೇ ಮನೆಯ 20 ಲಕ್ಷ ಅದರಲ್ಲಿ ಕೂತಿರುತ್ತದೆ. ನಡುವಿನ ಮನೆ ಅದರಲ್ಲಿ ಕಾಣುವುದಿಲ್ಲ.

ಇಡೀ ದೇಶದ ಮನೆ ಆದಾಯದ ಸರ್ವೇ 2026ರಲ್ಲಿ ನಡೆಸುತ್ತೇವೆ ಅಂತ ಕೇಂದ್ರದ ಅಂಕಿ-ಅಂಶ ಸಚಿವಾಲಯ 2025ರಲ್ಲಿ ಹೇಳಿತು. ಆ ಸುದ್ದಿ ಓದಿ ನನಗೆ ನಿಜಕ್ಕೂ ಖುಷಿಯಾಯಿತು. ಒಂದೇ ಸುತ್ತಿನಲ್ಲಿ ತಾಲ್ಲೂಕಿನ ಮಟ್ಟಕ್ಕೆ ಇಳಿಯುವುದು ಕಷ್ಟ, ಒಪ್ಪುತ್ತೇನೆ. ಆದರೆ ನಿಲ್ಲಿಸದೆ ಪ್ರತಿ ವರ್ಷ ಕೇಳಿ, ಐದು ವರ್ಷದ್ದನ್ನು ಸೇರಿಸಿ, ಮಧ್ಯಾಂಕವನ್ನೂ ಅದರ ಹೆಚ್ಚು ಕಮ್ಮಿಯನ್ನೂ ಒಟ್ಟಿಗೆ ಅಚ್ಚು ಹಾಕಿದರೆ ಜಿಲ್ಲೆಗಾದರೂ ನಂಬುವಂಥ ಅಂಕಿ ಸಿಗುತ್ತದೆ.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಇದನ್ನೆಲ್ಲ ಹೇಳಿದೆ.

"ನಮ್ಮನೆಗೆ ಬಂದು ಆದಾಯ ಎಷ್ಟು ಅಂದ್ರೆ ಯಾವ ವರ್ಷದ್ದು ಹೇಳ್ಲಪ್ಪ?" ಅಂದರು.

"ಅವರು ಕೇಳಿದ ವರ್ಷದ್ದೇ ಹೇಳಪ್ಪ. ನಷ್ಟ ಆಗಿದ್ರೆ ನಷ್ಟ ಅಂತಲೇ ಬರೆಸು."

"ಬರ್ಕೊಳ್ತಾರಾ?"